ಬೆಲ್ಜಿಯಂನಲ್ಲಿ ನಮ್ಮ ವೈನಿ ಕೂತದ್ದು

ಬ್ರಸೆಲ್ಸಿಗೆ ಹೋದವರೆಲ್ಲ ಒಂದು ಓಣಿಯ ಮೂಲೆ ಹುಡುಕಿಕೊಂಡು ಹೋಗಿ, ಅಲ್ಲಿ ನಿಂತು ಉಚ್ಚೆ ಹೊಯ್ಯುವ ಪುಟ್ಟ ಹುಡುಗನ ಕಂಚಿನ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾವೂ ಹೋದೆವು. ವೈನಿ ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ಅದನ್ನೇ ನೋಡಿದರು.

"ಇದನ್ನ ನೋಡಾಕ ವಿಮಾನ ಹತ್ತಿ ಬರಬೇಕಾಗಿತ್ತೇನ್ರಿ ಸುಮಕ್ಕಾ? ನಮ್ಮ ಓಣ್ಯಾಗ ದಿನಾ ಮುಂಜಾನಿ ಸಾಲಾಗಿ ನಿಂತಿರ್ತಾವಲ್ಲ!"

ಆದ್ದರಿಂದ ನೋಡುವ ಜಾಗಗಳ ವಿಚಾರ ಇಲ್ಲಿಗೇ ಬಿಟ್ಟೆ. ಅರಮನೆ, ಚರ್ಚು, ಚಾಕೊಲೇಟು ಬೇಕಾದವರು ಮೊಬೈಲಿನಲ್ಲಿ ನೋಡಿಕೊಳ್ಳಿ. ನಾನು ಹೇಳಬೇಕಾದದ್ದು ಒಂದು ಖುರ್ಚಿಯ ವಿಚಾರ. ಅದು ಇರುವುದು ನಮ್ಮೂರಿನಲ್ಲಿ. ಅದರಲ್ಲಿ ಕೂಡಲು ನಾವು ಬೆಲ್ಜಿಯಂವರೆಗೆ ಹೋಗಿ ಬರಬೇಕಾಯಿತು, ಅಷ್ಟೇ.

ಕಾಗವಾಡ

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಶೋಭಾ. ಮರಾಠಿ ಸೀಮೆಗೆ ಅಂಟಿಕೊಂಡ ಕಾಗವಾಡದ ಹತ್ತಿರದ ನಮ್ಮೂರಿನ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನಿಪ್ಪಾಣಿಯಿಂದ ಅಥಣಿಯವರೆಗೆ, ರಾಯಬಾಗದಿಂದ ಕಾಗವಾಡದವರೆಗೆ ಸ್ಕೂಟಿ ಹೊಡೆದುಕೊಂಡು ಹೋಗಿ, ಚುನಾವಣೆಯಲ್ಲಿ ಗೆದ್ದ ಹೆಣ್ಣುಮಕ್ಕಳು ಪಂಚಾಯ್ತಿ ಸಭೆಯಲ್ಲಿ ಎಲ್ಲಿ ಕೂಡುತ್ತಾರೆ ಎಂದು ನೋಡುವುದು ನನ್ನ ಸಂಶೋಧನೆ. ಹಾರೂಗೇರಿಯಲ್ಲಿ ಒಬ್ಬ ಹಿರಿಯರು ಇದನ್ನು ಕೇಳಿ, "ಯಾರ್ ಎಲ್ಲಿ ಕುಂತ್ರು ಅಂತ ನೋಡೂದಕ್ಕೂ ಡಾಕ್ಟರ್ ಪದವಿ ಕೊಡ್ತಾರೇನವಾ?" ಎಂದು ನಕ್ಕಿದ್ದರು. ಕೊಡುತ್ತಾರೆ ಅಜ್ಜಾ, ಕೊಟ್ಟೂ ಆಗಿದೆ.

ಕೆಲವರು ಗೋಡೆಗೆ ಹಚ್ಚಿದ ಬೆಂಚಿನಲ್ಲಿ ಕೂಡುತ್ತಾರೆ. ಕೆಲವರು ಜಮಖಾನದ ಮೇಲೆ. ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆತನದ ಸದಸ್ಯೆ ಇಡೀ ಸಭೆ ಬಾಗಿಲಲ್ಲೇ ನಿಂತು ಮುಗಿಸಿದ್ದನ್ನು ನೋಡಿದ್ದೇನೆ. ಒಳಗೆ ಆಕೆಯ ಹೆಸರಿನ ಜಾಗದಲ್ಲಿ ಗಂಡ ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಇಂಥದ್ದನ್ನು ಕಂಡಾಗ ನನಗೆ ಮೈ ಉರಿಯುತ್ತದೆ, ಬರೆದು ಬರೆದು ಸಿಟ್ಟು ತೀರಿಸಿಕೊಳ್ಳುತ್ತೇನೆ.

ಆದರೆ ನಮ್ಮ ಮನೆಯದು? ಮನೆಗೆದ್ದು ಮಾರುಗೆಲ್ಲು ಅನ್ನುತ್ತಾರೆ. ನಾನು ಮಾರು ಗೆದ್ದಿದ್ದೆ, ಮನೆ ಗೆದ್ದಿರಲಿಲ್ಲ. ನಮ್ಮ ಅಪ್ಪ ಹಿಂದೆ ಅದೇ ಪಂಚಾಯ್ತಿಯಲ್ಲಿ ಎರಡು ಸಲ ಆರಿಸಿ ಬಂದವರು. ಈಗ ಅವರಿಗೆ ಯಾವ ಹುದ್ದೆಯೂ ಇಲ್ಲ, ಆದರೆ ಊರ ಸಭೆ ಅಂದರೆ ಮುಂದಿನ ಸಾಲಿನ ನಡುವಿನ ಜಾಗ ಅವರದೇ. ನಮ್ಮ ಕಡೆ ಸೊಸೆ ಮಾವನ ಎದುರಿಗೆ ಖುರ್ಚಿಯಲ್ಲಿ ಕೂಡುವುದಿಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ, ಕಾಲೇ ಒಪ್ಪುವುದಿಲ್ಲ. ಹಾಗಾಗಿ ವೈನಿ ಅಧ್ಯಕ್ಷೆ ಆದ ದಿನದಿಂದ ಅವರ ಖುರ್ಚಿಯ ಮೇಲೆ ಬಿಳಿ ಟವೆಲ್ಲು ಕೂತಿತ್ತು. ಅವರು ಗೋಡೆ ಹತ್ತಿರ ಸೆರಗು ಹೊದ್ದು ನಿಲ್ಲುತ್ತಿದ್ದರು. ಮಾತೆಲ್ಲ ನಮ್ಮ ಅಣ್ಣನದು. ನಾವು ಅವನನ್ನು ದಾದಾ ಅನ್ನುತ್ತೇವೆ, ಊರೂ ಹಾಗೇ ಅನ್ನುತ್ತದೆ.

ಬರಬರುತ್ತ ಸದಸ್ಯರಲ್ಲಿ ಗುಸುಗುಸು ಶುರುವಾಯಿತು. ಖುರ್ಚಿಯಲ್ಲಿ ಕೂಡದ ಅಧ್ಯಕ್ಷೆ ಊರಿಗೆ ಯಾಕೆ, ದೀಪಾವಳಿ ಆದ ಮೇಲಿನ ಗ್ರಾಮಸಭೆ ನೋಡೋಣ, ಆಗಲೂ ಹೀಗೇ ಆದರೆ ಅವಿಶ್ವಾಸ ತರೋಣ ಎಂದು. ವೈನಿಗೆ ಇದು ಗೊತ್ತಿತ್ತು. ರಾತ್ರಿ ಊಟಕ್ಕೆ ಬಡಿಸುವಾಗ ಅವರ ಕೈಯಲ್ಲಿ ಸೌಟು ತಡೆಯುತ್ತಿತ್ತು.

ಅಷ್ಟರಲ್ಲಿ ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಎರಡು ಭಾಷೆಗಳ ಗಡಿಯಲ್ಲಿರುವ ಊರುಗಳು, ಅಲ್ಲಿಯ ಜನಪ್ರತಿನಿಧಿಗಳು, ಇದರ ಮೇಲೆ ವಿಚಾರಸಂಕಿರಣ. ಪ್ರಬಂಧ ಓದುವವರು ತಮ್ಮ ಕಡೆಯ ಒಬ್ಬ ಜನಪ್ರತಿನಿಧಿಯನ್ನೂ ಕರೆತನ್ನಿ ಎಂದಿದ್ದರು. ಹಿಂದೆ ದ್ರಾಕ್ಷಿ ಬೆಳೆಗಾರರ ಪರದೇಶ ಪ್ರವಾಸಕ್ಕೆಂದು ದಾದಾ ತನ್ನ ಜೊತೆ ವೈನಿಯ ಪಾಸ್‌ಪೋರ್ಟನ್ನೂ ಮಾಡಿಸಿ, ಕೊನೆಗೆ ತಾನೊಬ್ಬನೇ ಹೋಗಿ ಬಂದಿದ್ದ. ಆ ಪಾಸ್‌ಪೋರ್ಟು ಟ್ರಂಕಿನಲ್ಲಿ ಹೊಸ ಸೀರೆಗಳ ಕೆಳಗೆ ತೆಪ್ಪಗೆ ಮಲಗಿತ್ತು. ನಾನು ಅದನ್ನು ಎಬ್ಬಿಸಿದೆ.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಅಂದ ದಾದಾ. "ಆದ್ರ ಸುಮೀ, ಅಲ್ಲಿ ಮಾತಾಡೂದು ನೀನ ಮಾತಾಡು. ಆಕಿಗೇನ ಗೊತ್ತೈತಿ? ಇಲ್ಲಾ ಅಂದ್ರ ನಾ ಹೇಳಿಕೊಟ್ಟದ್ದ ಹೇಳ್ಲಿ."

ಅಪ್ಪ ಅಡಿಕೆ ಕತ್ತರಿಸುತ್ತ, "ಹೋಗಿ ಬರ್ರಿ," ಅಂದರು.

ಮುಂಬಯಿ

ಮಿರಜದಿಂದ ರೈಲು, ಮುಂಬಯಿಯಿಂದ ವಿಮಾನ. ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ಯಂತ್ರದೊಳಗೆ ಹೋದದ್ದು ಹೊರಗೆ ಬರಲಿಲ್ಲ. ವೈನಿ ಕಡಕ್ ರೊಟ್ಟಿ ಒಂದರ ಮೇಲೊಂದು ಒಟ್ಟಿ ಹಳೇ ಪತ್ತಲ ಸೀರೆಯಲ್ಲಿ ಬಿಗಿದು ಕಟ್ಟಿದ್ದರು. ಯಂತ್ರದ ಪರದೆಯಲ್ಲಿ ಅದು ಏನು ಕಂಡಿತೋ ಶಿವನೇ ಬಲ್ಲ. ಮೂರು ಜನ ಸಿಬ್ಬಂದಿ ಸುತ್ತ ನಿಂತರು. ಗಂಟು ಬಿಚ್ಚಿದರು. ಅದರ ಪಕ್ಕದಲ್ಲೇ ಶೇಂಗಾ ಚಟ್ನಿಯ ಡಬ್ಬಿ. ಒಬ್ಬಾಕೆ ಮುಚ್ಚಳ ತೆಗೆದಳು, ಮೂಗಿಗೆ ಹಿಡಿದಳು, ಮುಖವೇ ಬದಲಾಯಿತು.

"ಕುಠಲ್ಯಾ ಗಾವಚ್ಯಾ?" ಎಂದು ಮರಾಠಿಯಲ್ಲಿ ಕೇಳಿದಳು, ಯಾವ ಊರವರು ಎಂದು.

ವೈನಿ ಕಾಗವಾಡ ಅಂದರು. ಆಕೆಯ ತವರು ಸಾಂಗಲಿ! ಮುಗಿಯಿತು. ದ್ರಾಕ್ಷಿ ಹೇಗಿದೆ, ಕಬ್ಬು ಕಡಿಯುವ ಟೋಳಿ ಬಂತೇ ಎಂದು ಇಬ್ಬರೂ ಮರಾಠಿಯಲ್ಲಿ ಮಾತಿಗೆ ಕುಳಿತಂತಾಯಿತು. ಹಿಂದೆ ಸಾಲಿನಲ್ಲಿದ್ದ ಸೂಟಿನವನೊಬ್ಬ ಗಡಿಯಾರ ನೋಡಿ ನೋಡಿ ಸುಸ್ತಾದ. ನಾಲ್ಕು ರೊಟ್ಟಿ ಆಕೆಯ ಕೈಗಿಟ್ಟೇ ವೈನಿ ಮುಂದೆ ಬಂದದ್ದು. ಇದೇ ಹೆಣ್ಣುಮಗಳು ಊರ ಸಭೆಯಲ್ಲಿ ಬಾಯಿ ಬಿಡುವುದಿಲ್ಲ ಅಂದರೆ ನಂಬುವವರು ಯಾರು?

ವಿಮಾನ ಹತ್ತುವವರೆಗೂ ದಾದಾನ ಧ್ವನಿ ಸಂದೇಶಗಳು ಟಿಣ್ ಟಿಣ್ ಎಂದು ಬೀಳುತ್ತಲೇ ಇದ್ದವು. ಅದು ವೈನಿ ಹೇಳಬೇಕಾದ ಭಾಷಣ. "ಸನ್ಮಾನ್ಯ ವೇದಿಕೆಯ ಮೇಲಿರತಕ್ಕಂಥ..." ಎಂದು ಶುರುವಾಗಿ, ನಡುವೆ "ಏ, ಆ ಮೋಟಾರ್ ಬಂದ್ ಮಾಡ್ಲೇ" ಎಂದು ಯಾರಿಗೋ ಕೂಗಿ, ಮತ್ತೆ ಸನ್ಮಾನ್ಯ ವೇದಿಕೆಗೆ ಬರುತ್ತಿತ್ತು. ವೈನಿ ಕಿವಿಗೆ ಹಚ್ಚಿಕೊಂಡು ಎಲ್ಲ ಕೇಳಿದರು. ಮೋಟಾರಿನದು ಬಂದಾಗ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಒಂದು ರಸ್ತೆ, ಎರಡು ಭಾಷೆ

ನಮ್ಮನ್ನು ಕರೆದವರು ಲೀವ ಎಂಬ ಪ್ರೊಫೆಸರು. ನನಗಿಂತ ಎರಡು ಗೇಣು ಎತ್ತರ, ಸೈಕಲ್ ಮೇಲೆ ಓಡಾಟ, ಮಾತಿಗಿಂತ ಮೊದಲು ನಗು. ಬ್ರಸೆಲ್ಸಿನಿಂದ ತುಸು ದೂರದ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದರು. ಅಲ್ಲಿಯ ಒಂದು ರಸ್ತೆ ಭಾಷೆಯ ಗಡಿ. ಈಚೆ ಬದಿಯ ಮನೆಗಳು ಡಚ್ಚಿಗೆ ಸೇರಿದವು, ಆಚೆ ಬದಿಯವು ಫ್ರೆಂಚಿಗೆ. ವೈನಿ ಈಚೆ ಒಂದು ಹೆಜ್ಜೆ, ಆಚೆ ಒಂದು ಹೆಜ್ಜೆ ಇಟ್ಟು ನೋಡಿದರು.

"ನಮ್ಮಲ್ಲಿ ಪುರಸಭೆಯೊಳಗೆ ಯಾವ ಭಾಷೆ ಆಡಬೇಕು ಅನ್ನುವುದಕ್ಕೇ ಕಾಯಿದೆ ಇದೆ," ಎಂದು ಲೀವ ಇಂಗ್ಲಿಷಿನಲ್ಲಿ ವಿವರಿಸಿದರು. "ತಪ್ಪಿದರೆ ದೊಡ್ಡ ರಂಪ. ನಿಮ್ಮಲ್ಲಿ ಹೇಗೆ?"

ನಾನು ಕನ್ನಡಕ್ಕೆ ತಿರುಗಿಸಿದೆ. ವೈನಿ ಯೋಚಿಸಲೂ ಇಲ್ಲ.

"ನಮ್ಮಲ್ಲಿ ಠರಾವು ಕನ್ನಡದಾಗ್ರಿ, ಜಗಳ ಮರಾಠ್ಯಾಗ. ಚಹಾ ಬಂದ ಮ್ಯಾಲ ಎರಡೂ ಕೂಡೇ."

ಠರಾವು ಅಂದರೆ ಸಭೆಯ ನಿರ್ಣಯ ಎಂದು ಬಿಡಿಸಿ ಹೇಳಿದ ಮೇಲೆ ಲೀವ ರಸ್ತೆಯ ನಡುವೆಯೇ ನಿಂತು ನಕ್ಕರು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಾರಿಸಿ ಸುತ್ತಿ ಹೋದ. ಆಮೇಲೆ ಅವರು ಸಂಶೋಧಕರೆಲ್ಲ ಕೇಳುವ ಪ್ರಶ್ನೆಯನ್ನು ಕೇಳಿದರು: "ಹಾಗಾದರೆ ನೀವು ಯಾವ ಭಾಷೆಯವರು?"

"ಮನ್ಯಾಗ ಕನ್ನಡ. ಮಿರಜ್ ದವಾಖಾನ್ಯಾಗ ಮರಾಠಿ. ಅತ್ತಿ ಮನ್ಯಾಗ ಸೊಸಿ ಆದಾಕಿ ತವರಾಗ ಮಗಳಲ್ಲೇನ್ರಿ? ಹಂಗ."

ಈ ಗುರುತು, ಅಸ್ಮಿತೆ ಅಂತ ನಾನು ಎಷ್ಟು ಪುಟ ಬರೆದಿದ್ದೇನೆ ಎಂದು ನೆನೆದು ನನಗೇ ನಗು ಬಂತು. ನಗುವಿನ ಜೊತೆಗೆ ಹೆಮ್ಮೆಯೂ ಬಂತು, ಅದನ್ನು ಯಾಕೆ ಮುಚ್ಚಿಡಲಿ? ನಮ್ಮ ಗಡಿಯನ್ನು ಪತ್ರಿಕೆಗಳಲ್ಲಿ ಬಸ್ಸಿಗೆ ಕಲ್ಲು ಬಿದ್ದಾಗ ಮಾತ್ರ ನೋಡುತ್ತೀರಿ. ಉಳಿದ ದಿನಗಳಲ್ಲಿ ನಾವು ಹೇಗೆ ಬದುಕುತ್ತೇವೆ ಎಂದು ಕೇಳಲು ಒಬ್ಬ ಬೆಲ್ಜಿಯಂನ ಹೆಣ್ಣುಮಗಳು ಬೇಕಾಯಿತು.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ನಡುವೆ ಒಂದು ಎಲೆ, ಒಂದು ಚೂರು ಗಿಣ್ಣಿನಂಥ ಚೀಸು. ಇಡೀ ಊರೇ ಅದನ್ನು ನಿಂತುಕೊಂಡು ತಿನ್ನುತ್ತದೆ. "ಹೊಲಕ್ಕ ಹೋದವರೂ ಬುತ್ತಿ ಬಿಚ್ಚಿ ಕುಂತು ಉಣ್ತಾರ. ಇವರಿಗ್ಯಾಕ ಇಷ್ಟು ಗಡಿಬಿಡಿ?" ಎಂದು ವೈನಿ ಒಂದು ಕಟ್ಟೆ ಹುಡುಕಿ ಕೂತು ರೊಟ್ಟಿ ಬಿಚ್ಚಿದರು. ಲೀವ ಪಕ್ಕದಲ್ಲಿ ಕೂತು ಶೇಂಗಾ ಚಟ್ನಿಯನ್ನು ಬೆರಳಲ್ಲಿ ನೆಕ್ಕಿ, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನಷ್ಟು ಬೇಕು ಎಂದು ಕೈ ಚಾಚಿದರು.

ಅಲ್ಲಿ ಕೂತಾಗಲೇ ನಾನು ಕೇಳಿದೆ, "ವೈನಿ, ನಾಳಿ ಸಭಾದಾಗ ಖುರ್ಚಿ ಮ್ಯಾಲ ಕುಂಡ್ರತೀರಲ್ಲ?"

"ಕುಂಡ್ರತೇನಿ. ಇಲ್ಲೇನ ಮಾವಾರು ಅದಾರ?" ಎಂದು ಅವರು ಚಟ್ನಿಯ ಡಬ್ಬಿ ಮುಚ್ಚಿದರು.

ಪುರಸಭೆ

ಮರುದಿನದ ಗೋಷ್ಠಿ ಆ ಊರಿನ ಪುರಸಭೆಯ ಸಭಾಂಗಣದಲ್ಲಿ. ಮರದ ಗೋಡೆ, ಎತ್ತರದ ಕಿಟಕಿ, ವೇದಿಕೆಯ ಮೇಲೆ ಎರಡು ದೊಡ್ಡ ಖುರ್ಚಿ. ಒಂದು ಮೇಯರದು, ಒಂದು ವೈನಿಯದು. ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಊರಲ್ಲಿ ದಾದಾ ಮೊಬೈಲನ್ನು ತುಂಬಿದ ತಂಬಿಗೆಗೆ ಆನಿಸಿ ಇಟ್ಟು ಅಪ್ಪನ ಜೊತೆ ನೋಡುತ್ತಿದ್ದಾನೆ ಎಂದು ಸಂದೇಶ ಬಂದಿತ್ತು.

ಮೇಯರು ಒಳಗೆ ಬಂದರು. ಬಿಳಿ ಮೀಸೆ, ತುಸು ಬಾಗಿದ ಬೆನ್ನು, ಕೈಯಲ್ಲಿ ಕೋಲು, ಭುಜದಿಂದ ಸೊಂಟಕ್ಕೆ ಮೂರು ಬಣ್ಣದ ಪಟ್ಟಿ. ತಲೆಗೊಂದು ರುಮಾಲು ಸುತ್ತಿದರೆ ನಮ್ಮಪ್ಪನೇ!

ವೈನಿ ತಕ್ಷಣ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಖುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತುಬಿಟ್ಟರು.

ಮೇಯರು ನಸುನಕ್ಕು ಕೈ ತೋರಿಸಿದರು, ಕೂಡಿ ಎಂದು. ವೈನಿ ತಲೆಯಾಡಿಸಿ ಅವರಿಗೇ ಕೈ ತೋರಿಸಿದರು, ನೀವು ಕೂಡಿ ಎಂದು. ಅವರು ಕೂಡಲಿಲ್ಲ. ಹೆಣ್ಣುಮಗಳು, ಅದರಲ್ಲೂ ಮನೆಗೆ ಬಂದ ಅತಿಥಿ ನಿಂತಿರುವಾಗ ತಾವು ಕೂಡುವುದು ಆ ಕಾಲದ ಗಂಡಸರಿಗೆ ಮರ್ಯಾದೆ ಅಲ್ಲವಂತೆ. ಹಿರಿಯರು ನಿಂತಿರುವಾಗ ಕೂಡುವುದು ನಮ್ಮ ವೈನಿಗೆ ಮರ್ಯಾದೆ ಅಲ್ಲ. ಕೆಳಗಿದ್ದ ಜನ ನೋಡಿದರು. ಮೇಯರೂ ನಿಂತಿದ್ದಾರೆ, ಅತಿಥಿಯೂ ನಿಂತಿದ್ದಾರೆ, ಭಾರತದ ಯಾವುದೋ ಪದ್ಧತಿ ಇರಬೇಕು ಎಂದುಕೊಂಡು ಒಬ್ಬೊಬ್ಬರಾಗಿ ಎದ್ದು ನಿಂತರು. ಹಿಂದಿನ ಸಾಲಿನ ಒಬ್ಬ ಅಜ್ಜಿ ಕೈಯನ್ನು ಎದೆಯ ಮೇಲೆ ಬೇರೆ ಇಟ್ಟುಕೊಂಡಳು, ರಾಷ್ಟ್ರಗೀತೆ ಬರುತ್ತದೆ ಎಂದು.

ಇತ್ತ ನಾನು, ಯಾರು ಎಲ್ಲಿ ಕೂಡುತ್ತಾರೆ ಎಂಬ ಪ್ರಬಂಧ ಹಿಡಿದು ನಿಂತಿದ್ದೇನೆ. ಇಡೀ ಸಭೆಯಲ್ಲಿ ಕೂತವರು ಒಬ್ಬರೂ ಇಲ್ಲ!

"ವೈನಿ, ಕುಂಡ್ರರಿ ಅಂದ್ರ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಹೆಂಗ ಕುಂಡ್ರಲಿ ಸುಮಕ್ಕಾ? ಅವರ ಕಾಲು ನಡಗಾಕತ್ತಾವ ನೋಡ್ರಿ. ಮದ್ಲ ಅವರಿಗೆ ಕುಂಡ್ರರಿ ಅನ್ರಿ."

ಕೊನೆಗೆ ನಾನೇ ಮೈಕಿನಲ್ಲಿ ಎರಡೂ ಕಡೆಯ ಮರ್ಯಾದೆಯನ್ನು ಬಿಡಿಸಿ ಹೇಳಿದೆ. ಸಭೆ ನಕ್ಕಿತು. ಮೇಯರು ನಗಲಿಲ್ಲ. ವೈನಿಯ ಕಡೆ ತಿರುಗಿ, "ನಿಮ್ಮ ಊರಿನ ಸಭೆಯಲ್ಲಿ ಹಿರಿಯರು ಇರುತ್ತಾರಲ್ಲ, ಅಲ್ಲಿ ನೀವು ಹೇಗೆ ಕೂಡುತ್ತೀರಿ?" ಎಂದು ಕೇಳಿದರು. ಲೀವ ಅದನ್ನು ಇಂಗ್ಲಿಷಿಗೆ ತಂದರು, ನಾನು ಕನ್ನಡಕ್ಕೆ ತಂದೆ.

ವೈನಿ ಮೈಕಿನ ಹತ್ತಿರ ಬಂದರು. ಸನ್ಮಾನ್ಯ ವೇದಿಕೆ ಗಿದಿಕೆ ಏನೂ ಇಲ್ಲ.

"ನಾ ಅಲ್ಲಿ ಇನ್ನೂ ಕುಂತಿಲ್ರಿ," ಅಂದರು. "ಯಾರೂ ಹೆದರಿಸಿಲ್ಲ. ನಮ್ಮ ಮಾವಾರು ದೊಡ್ಡ ಮನಷ್ಯಾ. ನನ್ನ ಮಗಳ ಗತೆ ನೋಡ್ಕೊಂಡಾರ. ಅವರ ಮುಂದ ಕುಂಡ್ರಾಕ ನನಗ ಮನಸ ಆಗಂಗಿಲ್ಲ. ನಮ್ಮ ಪಂಚಾಯ್ತಿ ಖರೇ ಕೂಡೂದು ಮುಂಜಾನಿರಿ, ನಾ ಎಮ್ಮಿ ಹಿಂಡೂ ಹೊತ್ತಿನ್ಯಾಗ. ನಳ ಬಂದಿಲ್ಲ, ಗಟಾರ ತುಂಬೈತಿ, ಪೆನ್ಶನ್ ನಿಂತೈತಿ ಅಂತ ಹೆಣಮಕ್ಕಳು ಕೊಟಗಿಗೆ ಬರ್ತಾರ. ಅಲ್ಲಿ ನಾ ಹೇಳಿದ್ದನ್ನ ಸಂಜಿಮುಂದ ನಮ್ಮವರು ಸಭಾದಾಗ ತಮ್ಮ ಮಾತಂತ ಹೇಳ್ತಾರ."

ನಾನು ತಿರುಗಿಸಿ ಹೇಳಿದೆ. ಚಂದ ಮಾಡಿ ಹೇಳಬೇಕೆಂದು ನಾಲಿಗೆ ತುರಿಸಿತು, ಪ್ರಾತಿನಿಧ್ಯ, ಪಿತೃಪ್ರಧಾನ ಎಂದೆಲ್ಲ ಸೇರಿಸಬೇಕೆಂದು. ಸೇರಿಸಲಿಲ್ಲ. ಗಟಾರವನ್ನು ಗಟಾರ ಎಂದೇ ಹೇಳಿದೆ.

ವೈನಿ ಖಾಲಿ ಖುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು. "ಮರ್ಯಾದಿ ಕೊಡಾಕ ನಿಂತೇನಿ ಅಂತ ತಿಳಕೊಂಡಿದ್ನಿ. ಆದ್ರ ಇಲ್ಲಿ ನೋಡ್ರಿ, ನಾ ಒಬ್ಬಾಕಿ ನಿಂತದ್ದಕ್ಕ ಎಲ್ಲಾರೂ ನಿಂತೀರಿ. ನಮ್ಮೂರಾಗಿನ ಖುರ್ಚಿ ನನ್ನ ಅಪ್ಪಂದೂ ಅಲ್ಲ, ಮಾವಂದೂ ಅಲ್ಲ, ಊರಿಂದು. ನಾ ಕುಂಡ್ರಲಿಲ್ಲ ಅಂದ್ರ ಊರ ನಿಂತಂಗ."

ಅದನ್ನೂ ತಿರುಗಿಸಿ ಹೇಳಿದ ಮೇಲೆ ಮೇಯರು ಕೋಲನ್ನು ಮೇಜಿಗೆ ಆನಿಸಿ, ಮೂರು ಬೆರಳು ಎತ್ತಿ ತೋರಿಸಿದರು. ಇಬ್ಬರೂ ಕೂಡಿಯೇ ಕೂಡೋಣ ಎಂದು. ಅವರು ಡಚ್ಚಿನಲ್ಲಿ ಎಣಿಸಿದರು, ವೈನಿ ಕನ್ನಡದಲ್ಲಿ. ಮೂರು ಅಂದಾಗ ಇಬ್ಬರೂ ಒಟ್ಟಿಗೇ ಕೂತರು. ಹಿಂದೆಯೇ ಇಡೀ ಸಭಾಂಗಣ ದಡಬಡ ಕೂತಿತು. ನನ್ನ ಕಣ್ಣು ತುಂಬಿ ಪ್ರಬಂಧದ ಮೊದಲ ಪುಟ ಕಾಣಲಿಲ್ಲ. ನಮ್ಮ ವೈನಿ! ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಅಲ್ಲಿಂದ ಇಲ್ಲಿಗೆ ಬಂದು ಹೇಗೆ ಕೂತಿದ್ದಾರೆ ನೋಡಿ, ಬೆನ್ನು ನೆಟ್ಟಗೆ, ಸೆರಗು ತಲೆಯ ಮೇಲೆಯೇ! ಅಷ್ಟು ವರ್ಷದ ಓದಿನಲ್ಲಿ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಸಂಜೆ ದಾದಾನ ಫೋನು ಬಂತು. "ನಾ ಹೇಳಿಕೊಟ್ಟದ್ದ ಒಂದೂ ಹೇಳ್ಲಿಲ್ಲಲ್ಲ ಆಕಿ! ಮ್ಯಾಲ ನನ್ನ ಮರ್ಯಾದಿ ಬ್ಯಾರೆ ತೆಗದ್ಲು ಪರದೇಶದಾಗ."

"ಅಪ್ಪ ಏನಂದ್ರು?" ಎಂದು ಕೇಳಿದೆ.

"ಮತ್ತೊಮ್ಮೆ ಹಚ್ಚು ಅಂದ್ರು, ಹಚ್ಚಿದ್ನಿ. ನೋಡಿ ಎದ್ದು ಹೋದ್ರು."

ಅದನ್ನು ಕೇಳಿದ ಮೇಲೆ ವೈನಿಯ ಮುಖ ಬಾಡಿತು. ವಾಪಸು ಬರುವಾಗ ವಿಮಾನದಲ್ಲಿ ಒಂದೇ ಮಾತು: "ಎದ್ದು ಹೋದ್ರಂತ. ಸಿಟ್ಟಾಗ್ಯಾರ. ಅಲ್ಲಿ ಕುಂತೆ, ಇನ್ನ ಊರಾಗ ಹೆಂಗ ಕುಂಡ್ರಲಿ ಸುಮಕ್ಕಾ?" ಮನೆಗೆ ಬಂದು ಕಾಲಿಗೆ ಬಿದ್ದಾಗಲೂ ಅಪ್ಪ ತಲೆಯ ಮೇಲೆ ಕೈಯಿಟ್ಟು, "ಚಳಿ ಭಾಳ ಇತ್ತೇನವ್ವಾ ಅಲ್ಲಿ?" ಎಂದಷ್ಟೇ ಕೇಳಿದರು.

ಮತ್ತೆ ಕಾಗವಾಡ

ಗ್ರಾಮಸಭೆಗೆ ಎಂದೂ ಇಲ್ಲದಷ್ಟು ಜನ. ಗುಸುಗುಸು ಮಾಡುತ್ತಿದ್ದವರೆಲ್ಲ ಮುಂದಿನ ಸಾಲಿನ ಬದಿಗೆ ಕೂತಿದ್ದರು. ಮೊಬೈಲಿನಲ್ಲಿ ಬೆಲ್ಜಿಯಂನ ಆಟ ನೋಡಿ ಬಂದಿದ್ದ ಹೆಣ್ಣುಮಕ್ಕಳು ಹಿಂದೆ ಕಿಕ್ಕಿರಿದಿದ್ದರು. ಖುರ್ಚಿಯ ಮೇಲೆ ಎಂದಿನ ಟವೆಲ್ಲು. ಪಕ್ಕದಲ್ಲಿ ದಾದಾ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ವೈನಿ ಗೋಡೆಯ ಹತ್ತಿರ.

ಅಪ್ಪ ಕೋಲೂರುತ್ತ ಬಂದರು. ಜನ ದಾರಿ ಬಿಟ್ಟರು. ತಮ್ಮ ಜಾಗದ ಮುಂದೆ ಬಂದು ನಿಂತರು. ಕೂಡಲಿಲ್ಲ.

"ಕುಂಡ್ರರಿ ಪಾಟೀಲ್ರ," ಅಂದರು ಯಾರೋ.

ಅಪ್ಪ ಕೇಳದವರ ಹಾಗೆ ನಿಂತೇ ಇದ್ದರು. ಅವರು ನಿಂತರೆ ಊರು ಕೂಡುವುದು ಹೇಗೆ? ಕೂತವರೂ ಒಬ್ಬೊಬ್ಬರಾಗಿ ಎದ್ದರು. ಗುಸುಗುಸು ಸಾಲು ಕೊನೆಗೆ, ಬೇರೆ ದಾರಿ ಇಲ್ಲದೆ, ಎದ್ದಿತು. ಗದ್ದಲ ನಿಂತಿತು. ವೈನಿ ತಲೆ ಎತ್ತಿ ನೋಡಿದರು. ಅಪ್ಪ ಅವರನ್ನೇ ನೋಡುತ್ತಿದ್ದರು.

"ಅಧ್ಯಕ್ಷರು ಕುಂಡ್ರದ ನಾ ಹೆಂಗ ಕುಂಡ್ರಲಿ?" ಅಂದರು ಅಪ್ಪ, ಇಡೀ ಸಭೆಗೆ ಕೇಳುವಂತೆ. ಆಮೇಲೆ ದನಿ ಇಳಿಸಿ, "ಮೊಣಕಾಲ ನೋಯಾಕತ್ತಾವವ್ವಾ. ಲಗೂ ಕುಂಡ್ರು."

ವೈನಿ ಓಡಿ ಬಂದಂತೆ ಬಂದರು. ಟವೆಲ್ಲು ತೆಗೆದು ಮಡಚಿ ಮೇಜಿನ ಮೇಲಿಟ್ಟು ಖುರ್ಚಿಯಲ್ಲಿ ಕೂತರು. ಅಪ್ಪ ಉಸ್ಸೆಂದು ತಮ್ಮ ಜಾಗದಲ್ಲಿ ಕೂತರು. ಊರು ಕೂತಿತು. ದಾದಾನಿಗೆ ಮಾತ್ರ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲವೋ, ಅಥವಾ ಬಾಯಿ ರೂಢಿ ಬಿಡಲಿಲ್ಲವೋ, "ಸನ್ಮಾನ್ಯ ವೇದಿಕೆಯ ಮೇಲಿರತಕ್ಕಂಥ..." ಎಂದು ಶುರು ಮಾಡಿದ.

ವೈನಿ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಹೋಗಿ ಮಂದ್ಯಾಗ ಕುಂಡ್ರರಿ," ಎಂದರು ಗಂಡನಿಗೆ, ತುಂಬ ಮೆತ್ತಗೆ. "ನಿಮ್ಮ ಪಾಳಿ ಬಂದಾಗ ನಾ ಕರೀತೇನಿ."